ತಕ್ಕಡಿ ಮುಳ್ಳು ನಿಂತ ಮೇಲೆ

ಅವನ ಎಣಿಕೆಯಲ್ಲಿ ಒಂದು ಎಂಬ ಅಂಕಿ ಇರಲಿಲ್ಲ. ಗುಡಗೇರಿ ಸಂತೆಯಲ್ಲಿ ಕಾಳು ತೂಗುವವರು ಮೊದಲನೆಯ ತೂಕಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಆಮೇಲೆ ಎರಡು, ಮೂರು. ಅವನ ಅಪ್ಪನೂ ತೂಗುವವನೇ ಆದ್ದರಿಂದ ಶಾಲೆಗೆ ಬರುವ ಮೊದಲೇ ಅವನಿಗೆ ಈ ಎಣಿಕೆ ಬಾಯಿಗೆ ಬಂದಿತ್ತು. ಎರಡನೆಯ ಇಯತ್ತೆಯಲ್ಲಿ ಮಾಸ್ತರರು ಮಗ್ಗಿ ಹೇಳು ಅಂದರೆ ಎದ್ದು ನಿಂತು, "ಎರಡು ಲಾಭಲೆ ಎರಡು" ಎಂದು ಶುರು ಮಾಡಿದ. ಬೆತ್ತದ ಏಟು ಬಿತ್ತು. ಏಟನ್ನೂ ಅವನು ಹಾಗೆಯೇ ಎಣಿಸಿದ: "ಲಾಭ, ಎರಡು, ಮೂರು..." ಮಾಸ್ತರರೇ ನಕ್ಕು ಬೆತ್ತ ಕೆಳಗಿಟ್ಟರು. ಪಕ್ಕದಲ್ಲಿ ಕುಳಿತು ಸರಿಯಾಗಿ ಮಗ್ಗಿ ಹೇಳಿದ್ದವನು ನಾನು. ನನಗೆ ಯಾರೂ ನಗಲಿಲ್ಲ, ಯಾರೂ ಹೊಡೆಯಲಿಲ್ಲ. ಅವತ್ತಿನಿಂದಲೇ ನನ್ನ ಹೊಟ್ಟೆಯಲ್ಲಿ ಅವನ ಬಗ್ಗೆ ಒಂದು ಸಣ್ಣ ಕಿಚ್ಚು ಇತ್ತೆಂದು ಈಗ ಅನಿಸುತ್ತದೆ.

ಅವನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ತಕ್ಕಡಿ ಹಿಡಿದ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ, ಊರಿಗೆಲ್ಲ ಅದನ್ನು ಹೇಳಿ, ಕೊನೆಗೆ ಹಿಟ್ಟಿನ ಗಿರಣಿ ಇಟ್ಟೆ. ಊರವರಿಗೆ ಅವನು ತೂಕದ ಕಾಕಾ. ನನಗೆ ಅವನು ಬರೇ ಲೇ. ಅವನು ನನ್ನನ್ನು ಕರೆಯುತ್ತಿದ್ದದ್ದು "ಲೇ ಗಿರಣಿ" ಎಂದು. ಅವರ ಮನೆಯಲ್ಲಿ ಉರ್ದು, ನಮ್ಮ ಮನೆಯಲ್ಲಿ ಕನ್ನಡ, ಚಾದಂಗಡಿಯಲ್ಲಿ ಎರಡೂ.

ಅವನು ತೂಗುವುದನ್ನು ನೋಡಬೇಕಿತ್ತು. ಮೊದಲು ತಕ್ಕಡಿಯ ಎರಡೂ ಪರಡಿಗಳನ್ನು ಬೋರಲು ಮಾಡಿ, ಕೊಡುವವನ ಕಡೆಗೊಮ್ಮೆ ತಗೊಳ್ಳುವವನ ಕಡೆಗೊಮ್ಮೆ ತಿರುಗಿ, "ಖಾಲಿ ಐತಿ ನೋಡ್ರಿ" ಅನ್ನುತ್ತಿದ್ದ. ದಿನಕ್ಕೆ ನೂರು ಸಲ ತೂಗಿದರೂ ನೂರು ಸಲ ಈ ಮಾತು. ಕಾಳು ಸುರಿದ ಮೇಲೆ ತಕ್ಕಡಿ ಮೇಲೆ ಕೆಳಗೆ ಆಡುವಷ್ಟು ಹೊತ್ತು ಯಾರೂ ಮಾತಾಡುವಂತಿಲ್ಲ. ವ್ಯಾಪಾರಿ ಅವಸರ ಮಾಡಿದರೆ, "ಮುಳ್ಳು ನಿಂದರ್ಲಿ, ಸಾವ್ಕಾರ್ರ" ಎಂದು ಕಣ್ಣು ಮುಳ್ಳಿನ ಮೇಲೇ ಇಟ್ಟು ಹೇಳುತ್ತಿದ್ದ. ಸಂತೆಗೆ ವಿದ್ಯುತ್ ತೂಕದ ಯಂತ್ರ ಬಂದ ಮೇಲೂ ಸುತ್ತಲಿನ ಹಳ್ಳಿಯ ರೈತರು ಯಂತ್ರದ ಮೇಲೆ ತೂಗಿಸಿ, ಯಂತ್ರ ಸರಿ ಇದೆಯೇ ಎಂದು ನೋಡಲು ಅವನ ತಕ್ಕಡಿಗೆ ಬರುತ್ತಿದ್ದರು.

ಒಂದು ಸಂತೆಯ ದಿನ ಅವನು ಹೆಸರುಕಾಳು ತೂಗುತ್ತಿದ್ದಾಗ ಬಲಗಣ್ಣಿಗೆ ಪರದೆ ಎಳೆದಂತೆ ಕತ್ತಲಾಯಿತು. ಮುಳ್ಳು ಕಾಣಲಿಲ್ಲ. ಐದು ನಿಮಿಷದಲ್ಲಿ ಪರದೆ ತಾನಾಗಿ ಸರಿಯಿತು. ಬೇರೆ ಯಾರಾದರೂ ಆಗಿದ್ದರೆ ಕಣ್ಣೊರೆಸಿಕೊಂಡು ಮುಂದಿನ ಚೀಲ ಎತ್ತುತ್ತಿದ್ದರು. ಇವನು, "ಈ ತೂಕ ನಾ ನೋಡಿಲ್ಲ" ಎಂದು ಆ ಚೀಲ ಬಿಚ್ಚಿಸಿ ಮತ್ತೆ ತೂಗಿದ. ಮರುದಿನ ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಟ. ಓದಿದವನು ಜೊತೆಗಿರಲಿ ಎಂದು ನನ್ನನ್ನು ರೈಲು ಹತ್ತಿಸಿಕೊಂಡ.

ಕಣ್ಣಿನ ಡಾಕ್ಟರು ಕಣ್ಣು ಬಿಟ್ಟು ಕುತ್ತಿಗೆ ನೋಡಿಸಿ ಅಂದರು. ಕುತ್ತಿಗೆಯ ಡಾಕ್ಟರು ತಣ್ಣನೆಯ ಲೋಳೆ ಹಚ್ಚಿ ಯಂತ್ರ ಆಡಿಸಿ ನೋಡಿದರು. ಮೆದುಳಿಗೆ ರಕ್ತ ಒಯ್ಯುವ ಬಲಗಡೆಯ ನಾಳ ಹಳೇ ನಳದಂತೆ ಒಳಗೆ ಗಸಿ ಕೂತು ಸಣ್ಣದಾಗಿತ್ತು. ಗಸಿಯ ಚೂರು ಹಾರಿ ಕಣ್ಣಿಗೆ ಹೋಗಿದ್ದಕ್ಕೆ ಪರದೆ ಬಿದ್ದದ್ದು. ಮೆದುಳಿಗೆ ಹೋದರೆ ಲಕ್ವಾ. ನಾನು ಜ್ಞಾನ ತೋರಿಸಲು ಹೋಗಿ, "ನಂಗೂ ಒಮ್ಮೊಮ್ಮೆ ಬಲಗೈ ಜೋಮು ಹಿಡಿತೈತ್ರಿ, ಗಿರಣಿ ಅದುರಿಗೆ ಇರಬೇಕು" ಅಂದೆ. ಡಾಕ್ಟರು ನನ್ನ ಬೀಡಿ ವಾಸನೆಯ ಅಂಗಿ ನೋಡಿ, "ನೀವೂ ಮಲಗ್ರಿ" ಅಂದರು. ನನ್ನದು ಎಡಗಡೆಯ ನಾಳ. ರೋಗಿಯ ಜೊತೆಗೆ ಹೋದವನು ರೋಗಿಯಾಗಿ ಹೊರಗೆ ಬಂದೆ. ರೈಲಿನಲ್ಲಿ ಅವನು ಹೇಳಿದ, "ನೋಡಲೇ, ಲಾಭ ತೂಗಸಾಕ ಹೋಗಿ ಎರಡು ಆತು."

ಡಾಕ್ಟರು ಇಬ್ಬರಿಗೂ ಎರಡು ದಾರಿ ಹೇಳಿದರು. ಕುತ್ತಿಗೆ ಕೊಯ್ದು ನಾಳ ತೆರೆದು ಗಸಿ ಕೆರೆದು ತೆಗೆಯುವುದು ಒಂದು. ತೊಡೆಯ ಸಂದಿಯಿಂದ ತಂತಿ ತೂರಿಸಿ, ಸಣ್ಣಗಾದ ಕಡೆ ಜಾಳಿಗೆಯಂಥ ಸ್ಟೆಂಟ್ ಕೂಡಿಸುವುದು ಇನ್ನೊಂದು. ಯಾವುದು ಛಲೋ ಎಂದು ನಾನು ಕೇಳಿದೆ. ಮೊದಮೊದಲು ಒಂದಕ್ಕೆ ಒಂದು ಥರದ ಅಪಾಯ, ಇನ್ನೊಂದಕ್ಕೆ ಇನ್ನೊಂದು ಥರದ್ದು. ಅದು ದಾಟಿದರೆ ವರ್ಷಗಟ್ಟಲೆ ಎರಡೂ ಹೆಚ್ಚುಕಮ್ಮಿ ಒಂದೇ ದಾರಿ ಹಿಡಿಯುತ್ತವೆ, ಗುಳಿಗೆ ಮಾತ್ರ ಬಿಡಬಾರದು ಅಂದರು. ತಾವು ಮಾಡಿದವರನ್ನೆಲ್ಲ ವರ್ಷಕ್ಕೊಮ್ಮೆ ಕೇಳಿ ರಜಿಸ್ಟರಿನಲ್ಲಿ ಬರೆಸಿಡುತ್ತೇವೆ ಅಂತಲೂ ಹೇಳಿದರು.

ಅವನು ಕೊಯ್ಸಿಕೊಳ್ಳುತ್ತೇನೆ ಅಂದ. "ಚುಚ್ಚಿ ತೆಗೆದ ಶಾಂಪಲ್ ಬ್ಯಾರೆ, ಚೀಲಾ ಬಿಚ್ಚಿ ನೋಡಿದ ಕಾಳು ಬ್ಯಾರೆ. ನಂದು ಬಿಚ್ಚೇ ನೋಡ್ರಿ." ನನಗೆ ಕತ್ತಿ ಕಂಡರೆ ಭಯ. ಆದರೆ ಹಾಗೆನ್ನಲಿಲ್ಲ. "ನಾ ಹೊಸಾದು ಮಾಡಿಸ್ಕೋತೀನ್ರಿ, ಓದಿದಾಂವ" ಅಂದೆ.

ಆಪರೇಶನ್ ಮುಗಿದು ಎಚ್ಚರವಾದ ಮೇಲೆ ಅವನು ಡಾಕ್ಟರನ್ನು ಕೇಳಿದ ಮೊದಲನೆಯ ಮಾತು, "ಗಸಿ ಎಷ್ಟ ತೂಕಾ ಆತ್ರಿ?" ಅವರು ತೂಗಿರಲಿಲ್ಲ. ಇವನಿಗೆ ಅದು ಕೊನೆಯವರೆಗೂ ಸಮಾಧಾನವಾಗಲಿಲ್ಲ. "ಅಷ್ಟ ದೊಡ್ಡ ಆಸ್ಪತ್ರಿ, ತಕ್ಕಡಿನ ಇಲ್ಲ" ಅನ್ನುತ್ತಿದ್ದ.

ಊರಿಗೆ ಬಂದ ಮೇಲೆ ನಮ್ಮಿಬ್ಬರ ಕುತ್ತಿಗೆ ಸಂತೆಯ ಆಸ್ತಿಯಾಯಿತು. ಕುಂದಗೋಳ, ಮೊರಬದ ಕಡೆಯಿಂದ ಕಾಳು ತಂದವರು ಕೂಡ ಚಾದಂಗಡಿಗೆ ಬಂದು, "ಕೊಯ್ಸಿದ್ದು ಛಲೋನೋ, ಜಾಳಿಗಿ ಹಾಕಿಸಿದ್ದು ಛಲೋನೋ?" ಎಂದು ಕೇಳುವರು. ಅವನ ಕುತ್ತಿಗೆಗೆ ಕಿವಿಯ ಕೆಳಗಿನಿಂದ ಇಳಿದ ಉದ್ದ ಗೆರೆ. "ಹಮಾಲ್ರು ಚೀಲಾ ಹೊಲಿದಂಗ ಹೊಲಿದಾರ" ಎಂದು ತೋರಿಸಿದರೆ ಜನ ಹತ್ತಿರ ಬಂದು ಮುಟ್ಟಿ ನೋಡುವರು. ನನ್ನ ಸಾಕ್ಷಿ ತೊಡೆಯ ಸಂದಿಯಲ್ಲಿತ್ತು. ಅದು ಚಾದಂಗಡಿಯಲ್ಲಿ ತೋರಿಸುವಂಥದ್ದಲ್ಲ.

ತೋರಿಸಲು ಏನೂ ಇಲ್ಲದವನು ಮಾತಿನಿಂದ ತೋರಿಸಬೇಕಾಗುತ್ತದೆ. ಅವನ ದನಿ ಕೆಲವು ತಿಂಗಳು ಒಡೆದಿತ್ತು, ಕಿವಿಯ ಹಾಲೆ ಜೋಮು ಹಿಡಿದಿತ್ತು. ನಾನು ಅದನ್ನೇ ಎತ್ತಿ ಎತ್ತಿ ಹೇಳಿದೆ. "ನೋಡ್ರಿ, ನಾ ಮೂರನೇ ದಿನಕ್ಕ ಗಿರಣಿ ಚಾಲೂ ಮಾಡಿದೆ. ಇಂವಾ ಇನ್ನೂ ಕಾಗಿ ಕೂಗಿದಂಗ ಕೂಗತಾನ." ಅವನು ಚಹ ಬಸಿಗೆ ಸುರಿದುಕೊಳ್ಳುತ್ತ ಹೇಳುತ್ತಿದ್ದ, "ಅವಸರ ಮಾಡಬ್ಯಾಡಲೇ ಗಿರಣಿ. ತಕ್ಕಡಿ ಇನ್ನೂ ಆಡಾಕತ್ತೇತಿ. ಮುಳ್ಳು ನಿಂದರ್ಲಿ." ಆಪರೇಶನ್ ಆಗಿ ವರ್ಷ ತುಂಬಿದ ದಿನ ಅವನು ಬೆರಳು ಮಡಚಿ "ಲಾಭ" ಅಂದ. ಮರುವರ್ಷ "ಎರಡು."

ಎರಡನೆಯ ವರ್ಷದಲ್ಲಿ ನಾನು ಗುಳಿಗೆ ಬಿಟ್ಟಿದ್ದೆ. ಹೊಟ್ಟೆ ಉರಿಯುತ್ತಿತ್ತು ಎಂಬುದು ನೆಪ. ಗಟ್ಟಿ ಜಾಳಿಗೆ ಕೂತ ಮೇಲೆ ಗುಳಿಗೆ ಯಾಕೆ, ಛತ್ತು ಬಿಗಿಯಾದ ಮೇಲೆ ಟೇಕು ಯಾಕೆ, ಎಂಬುದು ನನ್ನ ಎಸ್ಸೆಸ್ಸೆಲ್ಸಿ ಬುದ್ಧಿ. ಯಾರಿಗೂ ಹೇಳಿರಲಿಲ್ಲ. ಬೀಡಿಯನ್ನೂ ಬಿಟ್ಟಿದ್ದೇನೆ ಎಂದು ಹೇಳಿಕೊಂಡು, ಗಿರಣಿಯ ಹಿಂದೆ ನಿಂತು ಸೇದುತ್ತಿದ್ದೆ.

ಮೂರನೆಯ ವರ್ಷ, ಒಂದು ಮುಂಜಾನೆ ಚಾದಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಅಂಗಡಿಯವನು ನೀರಿಗೆ ಹೋಗಿದ್ದ. ನನ್ನ ಬಲಗೈ ನನ್ನದಲ್ಲದ ಹಾಗೆ ಕೆಳಗೆ ಬಿತ್ತು. ಬಸಿ ಒಡೆಯಿತು. ಏನೋ ಹೇಳಲು ಹೋದೆ, ನಾಲಿಗೆ ಹೊರಳಲಿಲ್ಲ. ಅವನು ನನ್ನ ಬೆನ್ನ ಹಿಂದೆ ಕುಳಿತು ಎರಡೂ ಕೈಯಿಂದ ಹಿಡಿದುಕೊಂಡ. ಹತ್ತು ನಿಮಿಷದಲ್ಲಿ ಕೈಯೂ ಬಂತು, ಮಾತೂ ಬಂತು.

"ಏಳು, ಹುಬ್ಬಳ್ಳಿಗೆ ಹೋಗೂಣು."

"ಏನಿಲ್ಲ ಬಿಡಲೇ, ಗ್ಯಾಸ್."

"ಗ್ಯಾಸಿಗೆ ಬಾಯಿ ಸೊಟ್ಟ ಆಗತೈತಿ? ಗುಳಿಗಿ ತಗೋತಿಯೋ ಇಲ್ಲೋ?"

"ತಗೋತೀನಿ."

ಅವನು ನನ್ನ ಮುಖವನ್ನು ಮುಳ್ಳು ನೋಡಿದ ಹಾಗೆ ನೋಡಿದ. ಒಡೆದ ಬಸಿಯ ಚೂರು ಆರಿಸಿ, ಅಂಗಡಿಯವನು ಬಂದಾಗ "ನನ್ನ ಕೈ ಜಾರಿತಪಾ" ಅಂದ. ಅವನ ಬಾಯಿಂದ ನಾನು ಕೇಳಿದ ಸುಳ್ಳು ಅದೊಂದೇ. ನಾನು ಆಡಲಿದ್ದ ಸುಳ್ಳಿಗೆ ದಾರಿಯನ್ನೂ ಅದೇ ತೋರಿಸಿತು.

ಅವನ ಹತ್ತಿರ ಫೋನು ಇರಲಿಲ್ಲ. ಆಸ್ಪತ್ರೆಯಲ್ಲಿ ಇಬ್ಬರ ಹೆಸರಿಗೂ ನನ್ನ ನಂಬರೇ ಬರೆಸಿದ್ದ. "ನೀನ ಹೇಳು, ನೀ ಓದಿದಾಂವ" ಅಂದಿದ್ದ. ವರ್ಷಕ್ಕೊಮ್ಮೆ ರಜಿಸ್ಟರು ಬರೆಯುವ ಆಸ್ಪತ್ರೆಯ ಸಿಸ್ಟರ್ ಫೋನು ಮಾಡಿ ಇಬ್ಬರ ಸುದ್ದಿಯನ್ನೂ ನನ್ನನ್ನೇ ಕೇಳುತ್ತಿದ್ದಳು. ಕೈ ಬಿದ್ದ ಮುಂದಿನ ವಾರ ಫೋನು ಬಂತು. ಗಿರಣಿ ನಡೆಯುತ್ತಿತ್ತು, ನಾಲ್ಕು ಹೆಣ್ಣುಮಕ್ಕಳು ಬುಟ್ಟಿ ಹಿಡಿದು ಪಾಳಿಯಲ್ಲಿ ನಿಂತಿದ್ದರು.

"ನಿಮಗೇನರ ತೊಂದ್ರಿ ಆಗಿತ್ತೇನ್ರಿ ಈ ವರ್ಷ? ಕೈ ಕಾಲು, ಮಾತು, ಕಣ್ಣು?"

ಕಣ್ಣ ಮುಂದೆ ರಜಿಸ್ಟರಿನ ಎರಡು ಸಾಲು ಬಂದವು. ಕೊಯ್ಸಿದವನದು ಸರಿ, ಜಾಳಿಗೆಯವನದು ತಪ್ಪು. ಚಾದಂಗಡಿಯಲ್ಲಿ ಮೂರು ವರ್ಷ ಮಾಡಿದ ಭಾಷಣ ನೆನಪಾಯಿತು.

"ನಂಗೇನಿಲ್ಲರೀ, ಅಗದಿ ಆರಾಮ. ನಮ್ಮ ಗೆಳ್ಯಾಗ ಮಾತ್ರ..."

"ಏನಾತ್ರಿ? ಕೇಳವಲ್ದು, ಜೋರ ಹೇಳ್ರಿ."

ಗಿರಣಿಯ ಸಪ್ಪಳದ ಮೇಲೆ ದನಿ ಎತ್ತಿ ಕೂಗಿದೆ: "ಅವನ ಕೈ ಬಿದ್ದಿತ್ರಿ! ಬಲಗೈ! ಹತ್ತು ನಿಮಿಷ!"

ಸುಳ್ಳನ್ನು ಪಿಸುಗುಟ್ಟುತ್ತಾರೆ ಅಂತಾರೆ. ನಾನು ಹತ್ತು ಅಶ್ವಶಕ್ತಿಯ ಮೋಟಾರಿನ ಮೇಲೆ ಕೂಗಿ ಹೇಳಿದವನು. ಆ ನಾಲ್ಕು ಬುಟ್ಟಿಗಳ ಜೊತೆ ಸುದ್ದಿಯೂ ನಾಲ್ಕು ಓಣಿಗೆ ಹೋಯಿತು. ಸಂಜೆಯ ಹೊತ್ತಿಗೆ ವ್ಯಾಪಾರಿಗಳ ಕಿವಿಗೆ ಬಿದ್ದಿತ್ತು.

ಮುಂದಿನ ಸಂತೆಯ ದಿನ ನಾನು ಅಲ್ಲೇ ಇದ್ದೆ. ಹಿರಿಯ ವ್ಯಾಪಾರಿಯೊಬ್ಬರು ಮೆತ್ತಗೆ ಹೇಳಿದರು, "ತಪ್ಪು ತಿಳ್ಕೋಬ್ಯಾಡೋ ಕಾಕಾ. ಬಲಗೈ ಬೀಳತೈತಿ ಅಂತಾರ. ತೂಕದ ನಡುವ ಬಿದ್ರ? ಮಂದಿ ಮಾತಾಡ್ತಾರ. ಇನ್ನ ಮ್ಯಾಲ ಮಶೀನ ಸಾಕು. ನೀ ಕುಂದ್ರು, ಚಾ ಕುಡಿ."

"ಯಾರ ಹೇಳಿದ್ರಿ ನನ್ನ ಕೈ ಬಿತ್ತಂತ?"

ವ್ಯಾಪಾರಿ ನನ್ನ ಕಡೆ ನೋಡಿದರು. ಅವನೂ ನೋಡಿದ. ಒಂದು ಮಾತು ಸಾಕಾಗಿತ್ತು. ನನ್ನದು ಅಂದಿದ್ದರೆ ಮುಗಿಯುತ್ತಿತ್ತು. ನಾನು ಶೇಂಗಾದ ರಾಶಿಯಲ್ಲಿ ಕೈ ಹಾಕಿ ಕಾಳು ನೋಡುವವನಂತೆ ಬಗ್ಗಿದೆ. ಅವನು ತಕ್ಕಡಿ ಎತ್ತಿ, ಎರಡೂ ಪರಡಿ ಬೋರಲು ಮಾಡಿ, ಅವರ ಕಡೆಗೊಮ್ಮೆ ನನ್ನ ಕಡೆಗೊಮ್ಮೆ ತೋರಿಸಿ, "ಖಾಲಿ ಐತಿ ನೋಡ್ರಿ" ಅಂದ. ಗೋಣಿಚೀಲದಲ್ಲಿ ಸುತ್ತಿಕೊಂಡು ಮನೆಗೆ ಹೋದ. ನಲವತ್ತು ವರ್ಷ ಹಿಡಿದ ತಕ್ಕಡಿ ಮತ್ತೆ ಸಂತೆಗೆ ಬರಲಿಲ್ಲ.

ಎರಡು ದಿನ ಅವನು ಬರದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮರುದಿನವೇ ಬಂದ. "ಲೇ ಗಿರಣಿ, ಸಿಸ್ಟರ್ ಪರೀಕ್ಷಾಕ್ಕ ಕರದಾಳ. ಹೋಗೂಣು ಬಾ." ಆ ಕರೆ ನನ್ನ ಫೋನಿಗೇ ಬಂದಿತ್ತು, ನಾನೇ ಅವನಿಗೆ ತಿಳಿಸಿದ್ದೆ. ಹೋಗದಿದ್ದರೆ ಅನುಮಾನ ಬರುತ್ತದೆ ಎಂದು ಹೋದೆ. ಅವನು ಮೊದಲು ಒಳಗೆ ಹೋಗಿ ಬಹಳ ಹೊತ್ತು ಸಿಸ್ಟರ್ ಹತ್ತಿರ ಮಾತಾಡಿದ. ಗಸಿಯ ತೂಕ ಕೇಳುತ್ತಿರಬೇಕು ಅಂದುಕೊಂಡೆ. ಡಾಕ್ಟರು ಅವನ ಕುತ್ತಿಗೆಯನ್ನು ಐದು ನಿಮಿಷ ನೋಡಿದರು. ಆಮೇಲೆ "ಹೆಂಗೂ ಬಂದೀರಿ, ನೀವೂ ಮಲಗ್ರಿ" ಎಂದು ನನ್ನದನ್ನು ಅರ್ಧ ತಾಸು ನೋಡಿದರು. ಕಡೆಗೆ ಗುಳಿಗೆಯ ಮಾತು ಎತ್ತಿ ಬೈದರು. ಬೈಗುಳ ಇಬ್ಬರಿಗೂ ಸೇರಿ ಇತ್ತು, ಕಣ್ಣು ಮಾತ್ರ ನನ್ನ ಮೇಲಿತ್ತು. ಅವನು ಕೈ ಮುಗಿದು, "ಇನ್ನ ಬಿಡೂದಿಲ್ಲರೀ ಸಾಹೇಬ್ರ" ಅಂದ. ಪಾಪ, ಇವನೂ ಬಿಟ್ಟಿದ್ದನೇನೋ ಎಂದು ನನಗೆ ಒಳಗೊಳಗೆ ಖುಷಿಯೇ ಆಯಿತು.

ಅವತ್ತಿನಿಂದ ದಿನಾ ಮುಂಜಾನೆ ಗಿರಣಿಯ ಮೆಟ್ಟಿಲಿಗೆ ಬರುವನು. ಜೇಬಿನಿಂದ ಒಂದು ತಗಡಿನ ಡಬ್ಬಿ. "ಆಸ್ಪತ್ರಿಯಿಂದ ಇಬ್ಬರಿಗೂ ಕೊಟ್ಟಾರ. ತಗೋ, ನಿಂದ ಎರಡು." ತನ್ನದನ್ನು ತಾನು ನುಂಗುವನು, ನನ್ನದನ್ನು ನುಂಗಿಸುವನು.

"ಬಾಯಿ ತೆಗಿ."

"ನುಂಗೇನಲ್ಲೋ!"

"ತೆಗಿಲೇ, ಖಾಲಿ ಐತೇನ ನೋಡೂಣು."

ಪಾಳಿಯ ಹೆಣ್ಣುಮಕ್ಕಳು ನಗುವರು. "ನೋಡಬೇ, ಅಜ್ಜಾಗ ಗುಳಿಗಿ ನುಂಗ್ಸಾಕ ಮತ್ತೊಬ್ಬ ಅಜ್ಜ!" ನಾನು ಬಾಯಿ ತೆಗೆಯುವೆನು. ನಾಲಿಗೆ ಎತ್ತಿ ತೋರಿಸುವವರೆಗೆ ಅವನು ಏಳುತ್ತಿರಲಿಲ್ಲ. ಬೀಡಿಯ ವಾಸನೆ ಬಂದರೆ ಮೂಗಿನಿಂದಲೇ ತೂಗಿ, "ಇವತ್ತ ಎರಡು ಸೇದೀದಿ" ಅನ್ನುವನು. ಬೇಸತ್ತು ಬೀಡಿ ಬಿಟ್ಟೆ. ತೂಕ ಹೋದ ಮೇಲೆ ಅವನು ನನ್ನ ಮೆಟ್ಟಿಲ ಮೇಲೆಯೇ ದಿನ ಕಳೆದ. ಜನ ತಂದ ಮೆಣಸಿನಕಾಯಿಯ ತೊಟ್ಟು ಮುರಿದುಕೊಡುವನು, ಮಾತಾಡುವನು. ಸಂತೆಯ ದಿನ ಮಾತ್ರ ಬೀದಿಯ ಕಡೆಗೆ ಬೆನ್ನು ಮಾಡಿ ಕೂಡುತ್ತಿದ್ದ.

ಒಂದು ಸಲ ಹೇಳಿಬಿಡಬೇಕು ಅನಿಸಿತು. "ಲೇ, ಅವತ್ತ ಫೋನಿನಾಗ..." ಎಂದು ಶುರು ಮಾಡಿದೆ. ಅವನು ತೊಟ್ಟು ಮುರಿಯುತ್ತಲೇ ಅಂದ, "ತೂಕಾ ಆದ ಮ್ಯಾಲ ಚೀಲಾ ಹೊಲಿಬೇಕಲೇ. ಮತ್ತ ಮತ್ತ ಬಿಚ್ಚಬಾರ್ದು. ಕಾಳು ಉದುರತಾವ." ಅವನಿಗೆ ಗೊತ್ತಿಲ್ಲ ಎಂದು ನಾನು ನಂಬಿದೆ. ಅವನೇ ನನ್ನನ್ನು ಹಿಡಿದು ಕೂತವನು, ಅವನಿಗೆ ಗೊತ್ತಿಲ್ಲದೆ ಇರುವುದು ಹೇಗೆ ಎಂದು ಕೇಳಿಕೊಳ್ಳಲಿಲ್ಲ. ಬೇಕಾದ್ದನ್ನು ನಂಬುವುದಕ್ಕೆ ಎಸ್ಸೆಸ್ಸೆಲ್ಸಿ ಸಾಕು.

ನಾಲ್ಕು, ಐದು, ಆರು, ಏಳು, ಎಂಟು. ಪ್ರತಿ ವರ್ಷ ಆ ದಿನ ಬೆರಳು ಮಡಚುವನು. ಯಾರಾದರೂ ಕೊಯ್ಸೋದೋ ಜಾಳಿಗೆಯೋ ಎಂದು ಕೇಳಿದರೆ ಇನ್ನೂ ಅದೇ ಮಾತು, "ಮುಳ್ಳು ನಿಂದರ್ಲಿ." ಒಂಬತ್ತಕ್ಕೆ ಬೆರಳು ಮಡಚಿದ ಮೇಲೆ, ಈ ಸಲದ ಚಳಿಗಾಲದಲ್ಲಿ, ಎದೆಗೆ ಕಫ ಕಟ್ಟಿ ಜ್ವರ ಬಂದು ಆರು ದಿನದಲ್ಲಿ ಹೋದ. ಕುತ್ತಿಗೆಗೂ ಅದಕ್ಕೂ ಸಂಬಂಧವಿರಲಿಲ್ಲ. ಮಣ್ಣಿಗೆ ಬಂದವರಲ್ಲಿ ಒಬ್ಬರು ಅಲ್ಲೂ ನನ್ನ ಕಿವಿಯಲ್ಲಿ, "ಅಂತೂ ನಿಮ್ಮ ಜಾಳಿಗಿನ ಗೆದ್ದಂಗಾತು" ಅಂದರು. ಒಂಬತ್ತು ವರ್ಷ ನಾನು ಕಾದಿದ್ದ ಮಾತು. ಕೇಳಿ ಅವರ ಪಕ್ಕದಿಂದ ಸರಿದು ಹಿಡಿ ಮಣ್ಣು ಹಾಕಲು ಹೋದೆ.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆಗೆ ಹೋದಾಗ ಅವನ ಹೆಂಡತಿ, ನಮ್ಮ ಭಾಭಿ, ಆ ತಗಡಿನ ಡಬ್ಬಿ ತಂದು ಕೊಟ್ಟಳು. "ಇವು ನಿಮ್ಮ ಗುಳಿಗಿ, ಅಣ್ಣಾ. ಜ್ವರದಾಗೂ ಹೇಳಿದ್ರು, ಗಿರಣಿಗೆ ಮುಟ್ಟಸ್ರಿ ಅಂತ."

"ಇಬ್ಬರದೂ ಅಲ್ಲೇನ್ ಭಾಭಿ ಇವು?"

"ಅವ್ರದು ಒಂದ ಗುಳಿಗಿ, ಬಿಳೇದು. ಇವು ಅವ್ರು ಎಂದೂ ತಗೊಂಡಿಲ್ಲ."

ಆರು ವರ್ಷ ಅವನು ಆ ಡಬ್ಬಿ ಹೊತ್ತದ್ದು ನನ್ನೊಬ್ಬನಿಗಾಗಿ. ಮರುದಿನ ಹುಬ್ಬಳ್ಳಿ ರೈಲು ಹತ್ತಿದೆ. ಸತ್ತವನ ಹೆಸರಿನ ಮುಂದೆ ನನ್ನ ಲಕ್ವಾ ಬರೆದಿದೆ, ಅದನ್ನಾದರೂ ತೆಗೆಸಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ. ಅದೇ ಸಿಸ್ಟರ್, ತಲೆ ಬೆಳ್ಳಗಾಗಿತ್ತು. ಅವನು ತೀರಿಕೊಂಡ ಸುದ್ದಿ ಹೇಳಿ, ಆರು ವರ್ಷದ ಹಿಂದಿನ ಸುಳ್ಳನ್ನು ಒಂದೇ ಉಸಿರಿಗೆ ಒಪ್ಪಿಕೊಂಡೆ. "ತಪ್ಪು ಬರೆಸೀನ್ರಿ ತಾಯಿ. ತಿದ್ದ್ರಿ."

ಆಕೆ ರಜಿಸ್ಟರ್ ತೆಗೆದು ನನ್ನ ಕಡೆ ತಿರುಗಿಸಿದಳು. ಅವನ ಹೆಸರಿನ ಮುಂದೆ, ಮೂರನೆಯ ವರ್ಷ: ಏನೂ ತೊಂದರೆ ಇಲ್ಲ. ನನ್ನ ಹೆಸರಿನ ಮುಂದೆ, ಮೂರನೆಯ ವರ್ಷ: ಬಲಗೈ, ಮಾತು, ಹತ್ತು ನಿಮಿಷ, ಗುಳಿಗೆ ಬಿಟ್ಟಿದ್ದಾರೆ, ಗೆಳೆಯರು ತಿಳಿಸಿದರು.

"ನೀವು ಫೋನಿನಾಗ ಬಲಗೈ ಅಂದಾಗನ ನನಗ ಅನುಮಾನ ಬಂದಿತ್ರಿ ಅಜ್ಜಾರ" ಅಂದಳು. "ಅವ್ರದು ಬಲಗಡೆ ನಾಳ. ಮೆದುಳಿನ ಬಲಭಾಗ ಎಡಗೈ ಆಡಸ್ತೈತಿ, ಬಿದ್ರ ಎಡಗೈ ಬೀಳಬೇಕು. ಬಲಗೈ ಬೀಳೂದು ನಿಮ್ಮದು. ಅದಕ್ಕ ಕರಸಿ ಕೇಳಿದೆ. ಅವ್ರು ಎಲ್ಲಾ ಹೇಳಿದ್ರು. ಬುಕ್ಕಿನಾಗ ಖರೇ ಬರ್ಕೊಳ್ರಿ, ತೂಕಾ ತಪ್ಪಬಾರ್ದು ಅಂದ್ರು. ನಿಮ್ಮ ಮುಂದ ಮಾತ್ರ ಹೇಳಬ್ಯಾಡ್ರಿ ಅಂದ್ರು."

"ಯಾಕಂತ?"

"ನಾಚ್ಕೊಂಡು ಗುಳಿಗಿನೂ ಬಿಡತಾನ, ನನ್ನೂ ಬಿಡತಾನ ಅಂದ್ರು. ನಾ ನುಂಗಸ್ತೀನಿ, ಕೊಡ್ರಿ ಅಂದ್ರು."

ಕೇಳಬಾರದಿತ್ತು, ಆದರೂ ಹಳೆಯ ಚಟ, ಕೇಳಿದೆ: "ಕಡಿಗೆ ಯಾವುದು ಛಲೋ ಆತ್ರಿ? ಕೊಯ್ಸಿದ್ದೋ, ಜಾಳಿಗಿನೋ?"

ಆಕೆ ಹಾಳೆ ಮಗುಚುತ್ತ ಅಂದಳು, "ಇಷ್ಟ ವರ್ಷ ಬರದ ಮ್ಯಾಲ ನೋಡಿದ್ರ, ಎರಡೂ ಹೆಚ್ಚುಕಮ್ಮಿ ಸಮ ಅದಾವ್ರಿ. ಡಾಕ್ಟರ್ ಮೊದಲ ಹೇಳಿದ್ರಲ್ಲ." ಮುಳ್ಳು ನಿಂತಿತ್ತು. ನೋಡಲು ಅವನಿರಲಿಲ್ಲ.

ರಜಿಸ್ಟರಿನಲ್ಲಿ ತಿದ್ದುವುದಕ್ಕೆ ಏನೂ ಉಳಿದಿರಲಿಲ್ಲ. ತಿದ್ದಬೇಕಾದದ್ದು ಸಂತೆಯಲ್ಲಿತ್ತು. ಅದನ್ನು ಅವನು ನನ್ನ ಮಾನಕ್ಕಾಗಿ ಹಾಗೇ ಬಿಟ್ಟಿದ್ದ. ಕಳೆದ ಸಂತೆಯ ದಿನ ಭಾಭಿಯಿಂದ ತಕ್ಕಡಿ ಇಸಗೊಂಡು ಹೋದೆ. ತೂಕದ ಯಂತ್ರದ ಪಕ್ಕದಲ್ಲಿ ನಿಂತು, ಬಲಗೈಯಿಂದ ಎತ್ತಿ ಹಿಡಿದೆ. ಎರಡೂ ಪರಡಿ ಬೋರಲು ಮಾಡಿ, "ಖಾಲಿ ಐತಿ ನೋಡ್ರಿ" ಅಂದೆ. ತಕ್ಕಡಿ ಹಿಡಿದು ಗೊತ್ತಿಲ್ಲದ ಕೈಯಾದ್ದರಿಂದ ಮುಳ್ಳು ನಿಲ್ಲಲು ಬಹಳ ಹೊತ್ತಾಯಿತು. ಜನ ಸೇರಿದರು. ಕೈ ಬಿದ್ದದ್ದು ಅವನದಲ್ಲ, ನನ್ನದು ಎಂದು ಹೇಳಿದೆ. ಗಿರಣಿಯ ಸಪ್ಪಳವಿಲ್ಲದಿದ್ದರೂ ಅವತ್ತಿನಷ್ಟೇ ಜೋರಾಗಿ ಹೇಳಿದೆ.

ಆ ಹಿರಿಯ ವ್ಯಾಪಾರಿ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. "ಹಂಗಾರ ಅವನ ಕೈ ಎಂದೂ ಬಿದ್ದಿಲ್ಲ?"

"ಎಂದೂ ಇಲ್ಲರಿ."

"ಆರು ವರ್ಷ ಕುಂದ್ರಸಿದಿವಲ್ಲೋ ಮಾರಾಯಾ" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕಾಗಿ ನಿಂತುಕೊಂಡೇ ಇದ್ದೆ. ಕಡೆಗೆ ಯಂತ್ರದವನು, "ಬಾಜೂ ಸರೀರಿ ಅಜ್ಜಾ, ಚೀಲಾ ಇಡಬೇಕು" ಅಂದ. ಸರಿದೆ.

ಈಗ ಗುಳಿಗೆ ನಾನೇ ತರುತ್ತೇನೆ. ಮುಂಜಾನೆ ಗಿರಣಿಯ ಮೆಟ್ಟಿಲ ಮೇಲೆ ಕುಳಿತು ಎರಡೂ ನುಂಗಿ, ಅವನು ಕೂಡುತ್ತಿದ್ದ ಕಡೆಗೆ ತಿರುಗಿ ಬಾಯಿ ತೆಗೆದು, ನಾಲಿಗೆ ಎತ್ತಿ ತೋರಿಸುತ್ತೇನೆ. ಪಾಳಿಗೆ ಹೊಸದಾಗಿ ಬಂದ ಹೆಣ್ಣುಮಕ್ಕಳು ಅಜ್ಜಾಗ ಆಕಳಿಕೆ ಬಹಳ ಅಂದುಕೊಂಡಿದ್ದಾರೆ.